ರತ್ನಳ ನೋಟ್‌ಬುಕ್ಕಿನ ಕೊನೆಯ ಹಾಳೆ

ಹೋದ ತಿಂಗಳು ನನ್ನ ಸರ್ವಿಸ್ ಕಾಗದಗಳನ್ನು ಜೆರಾಕ್ಸ್ ಮಾಡಿಸಲು ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ನಿಂತಿದ್ದೆ. ಹೊರಗೆ ಮಳೆ. ಅಂಗಡಿಯಾಕೆ ಯಂತ್ರದಿಂದ ಹಾಳೆಗಳನ್ನು ತೆಗೆದು ಕೈಗಿತ್ತಳು. ಇನ್ನೂ ಬೆಚ್ಚಗಿದ್ದವು. ಆ ಬಿಸಿ ಕಾಗದದ ವಾಸನೆಗೆ ಒದ್ದೆ ಛತ್ರಿಯ ವಾಸನೆ ಸೇರಿದ್ದೇ ತಡ, ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಇಷ್ಟು ವರ್ಷಗಳಾದ ಮೇಲೂ ನಾನು ತಿರುಗಿ ನೋಡುತ್ತೇನೆ.

ಎರಡು ಸಾವಿರದ ಇಸವಿಯ ಮಳೆಗಾಲ ಅದು. ನನಗೆ ಇಪ್ಪತ್ತೆಂಟು ವರ್ಷ. ಗುಬ್ಬಿಯ ಜೂನಿಯರ್ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ. ಎಂ.ಎಸ್ಸಿ.ಯಲ್ಲಿ ನನ್ನ ಜೊತೆ ಓದಿದವಳು ನಾಗರತ್ನ, ನಮಗೆಲ್ಲ ರತ್ನ. ಕುಣಿಗಲ್ಲಿನವಳು. ತಂದೆ ತಾಯಿ ಬೇಗ ಹೋಗಿಬಿಟ್ಟಿದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದ ಅಕ್ಕ ಸರೋಜಮ್ಮನವರೇ ಸಾಕಿ ಓದಿಸಿದ್ದರು. ಸರೋಜಕ್ಕ ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ತಂಗಿಯನ್ನು ಬೆಳೆಸುವುದರಲ್ಲಿ ತಮ್ಮ ಮದುವೆಯ ಮಾತನ್ನೇ ಬಿಟ್ಟವರು.

ರತ್ನ ಹೊರರಾಜ್ಯದ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಆ ವರ್ಷ ಫೆಬ್ರವರಿಯಲ್ಲಿ ಕಾಮಾಲೆ ಹತ್ತಿಸಿಕೊಂಡು ಊರಿಗೆ ಬಂದಳು. ಆಮೇಲೆ ಬದುಕಿದ್ದು ಹದಿನೆಂಟೇ ದಿನ. ನಾನು ಎರಡು ಸಲ ನೋಡಲು ಹೋಗಿದ್ದೆ. ಎರಡನೆಯ ಸಲ ಅವಳು ನನ್ನ ಗುರುತು ಹಿಡಿಯಲಿಲ್ಲ.

ಜೂನ್ ಮೊದಲ ವಾರ ಸರೋಜಕ್ಕನಿಂದ ಕಾಗದ ಬಂತು: “ರತ್ನಳ ಗೈಡ್ ಪತ್ರ ಬರೆದಿದ್ದಾರೆ. ನನಗೆ ಪೂರ್ತಿ ಅರ್ಥವಾಗಲಿಲ್ಲ. ಭಾನುವಾರ ಬರಲು ಆಗುತ್ತದೆಯೇ?”

ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಕುಣಿಗಲ್ಲಿಗೆ ಇನ್ನೊಂದು. ಹೋದೆ. ಅಕ್ಕ ಬಹಳ ಇಳಿದುಹೋಗಿದ್ದರು. ನಡುಮನೆಯಲ್ಲಿ ಕೂರಿಸಿ ಪತ್ರ ಕೊಟ್ಟರು. ರತ್ನ ಕಾಯಿಲೆ ಬೀಳುವ ಮೊದಲು ಮಾಡಿದ ವೀಕ್ಷಣೆಯಲ್ಲಿ ಒಂದು ಮುಖ್ಯವಾದ ಸಂಗತಿ ಕಂಡಹಾಗಿದೆ, ಲೆಕ್ಕದ ನೋಟ್‌ಬುಕ್ಕು ಅವಳ ಜೊತೆ ಊರಿಗೆ ಬಂದಿದೆ, ಯಾರಾದರೂ ಅಂಕಿಗಳನ್ನು ಶುದ್ಧಪ್ರತಿ ಮಾಡಿ ಕಳಿಸಿದರೆ ಅವಳ ಹೆಸರನ್ನೇ ಮೊದಲು ಹಾಕಿ ಲೇಖನ ಪ್ರಕಟಿಸುತ್ತೇನೆ ಎಂದು ಆ ಪ್ರೊಫೆಸರ್ ಬರೆದಿದ್ದರು.

“ಅಂದ್ರೆ ಅವಳ ಹೆಸರು ಪ್ರಿಂಟಾಗುತ್ತೆ?” ಎಂದರು ಅಕ್ಕ.

“ಆಗುತ್ತೆ ಅಕ್ಕ. ಪ್ರಪಂಚದವರೆಲ್ಲ ಓದ್ತಾರೆ.”

“ಹಾಗಾದ್ರೆ ಮಾಡೋಣ ಕಣಪ್ಪ. ಆದ್ರೆ ಸುಮ್ನೆ ಕಾಪಿ ಮಾಡೋದು ಬೇಡ. ಅವಳು ಏನು ಕಂಡ್ಳು ಅಂತ ನಂಗೂ ತಿಳೀಬೇಕು. ನೀನು ಹೇಳಿಕೊಡು.”

ಹೀಗೆ ನನ್ನ ಭಾನುವಾರಗಳು ಶುರುವಾದವು.

ಕೆಲಸ ನಡೆಯುತ್ತಿದ್ದುದು ರತ್ನಳ ಕೋಣೆಯಲ್ಲಿ. ಮಂಚದ ಹಾಸಿಗೆಯನ್ನು ಅಕ್ಕ ಮಡಚಿರಲಿಲ್ಲ. ದಿಂಬಿನಲ್ಲಿ ತಲೆಯಿಟ್ಟ ಗುಂಡಿ ಇನ್ನೂ ಹಾಗೇ ಇತ್ತು. ಅಕ್ಕ ಅಂಕಿಗಳನ್ನು ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನಡುವೆ ಎದ್ದು ಕಾಫಿ ಮಾಡಿ ತರುತ್ತಿದ್ದರು. ಮೊದಲ ಎರಡು ವಾರ ತಟ್ಟೆಯಲ್ಲಿ ಮೂರು ಲೋಟ ಇರುತ್ತಿದ್ದವು. ಎಣಿಸಿ ನೋಡಿ ಒಂದನ್ನು ವಾಪಸು ಒಯ್ಯುತ್ತಿದ್ದರು.

ನೋಟ್‌ಬುಕ್ಕಿನ ತುಂಬ ಇಂಗ್ಲಿಷು ಮತ್ತು ಅಂಕಿ. ಆದರೆ ಅಲ್ಲಲ್ಲಿ ಅಂಚಿನಲ್ಲಿ ಅವಳು ತನ್ನಷ್ಟಕ್ಕೆ ತಾನು ಕನ್ನಡದಲ್ಲಿ ಮಾತಾಡಿಕೊಂಡಿದ್ದಳು. ‘ಇವತ್ತೂ ಊಟ ತಪ್ಪಿತು.’ ‘ಅಕ್ಕನಿಗೆ ಫೋನ್.’ ‘ಈ ಅಂಕಿ ನಂಬಬೇಡ.’ ಅಕ್ಕ ಅಂಕಿ ಓದುವ ಅದೇ ಧಾಟಿಯಲ್ಲಿ ಅವನ್ನೂ ಓದಿಬಿಡುತ್ತಿದ್ದರು. ಆ ಕ್ಷಣ ಕೋಣೆಯಲ್ಲಿ ಮೂರನೆಯ ದನಿಯೊಂದು ಕೇಳಿದ ಹಾಗಾಗಿ ನನ್ನ ಪೆನ್ನು ನಿಂತುಬಿಡುತ್ತಿತ್ತು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಮಳೆಯಲ್ಲಿ ನಡೆದು ಹೋಗುವ ಹೆಂಗಸರನ್ನು ನೋಡುತ್ತಿದ್ದೆ. ಛತ್ರಿ ಹಿಡಿದ ಪ್ರತಿಯೊಬ್ಬಳೂ ಹಿಂದಿನಿಂದ ಅವಳಂತೆಯೇ ಕಾಣುತ್ತಿದ್ದಳು.

ರತ್ನ ನೋಡುತ್ತಿದ್ದುದು ನಮ್ಮ ಹಾಲುಹಾದಿಯ ನಟ್ಟನಡುವೆ ಇರುವ ಭಾರಿ ಕಪ್ಪುಕುಳಿಯ ಸುತ್ತಲನ್ನು. ಕುಳಿಯೇನೋ ಕಾಣುವುದಿಲ್ಲ, ಅದರೊಳಗಿಂದ ಬೆಳಕು ಹೊರಬರುವುದಿಲ್ಲ. ಆದರೆ ಅದರ ಸುತ್ತ ಗಿರಗಿರನೆ ಸುತ್ತುವ ಕಾದ ಅನಿಲದಿಂದ ರೇಡಿಯೋ ಅಲೆಗಳು ಬರುತ್ತವೆ. ಅವನ್ನು ಅವಳ ಸಂಸ್ಥೆಯ ದೊಡ್ಡ ಡಿಶ್ಶುಗಳು ಹಿಡಿಯುತ್ತಿದ್ದವು. ಅಲ್ಲಿ ಕಾಂತಕ್ಷೇತ್ರ ಒಂದು ಕ್ರಮದಲ್ಲಿದ್ದರೆ ಆ ಅಲೆಗಳು ಎಲ್ಲ ದಿಕ್ಕಿಗೂ ಅದುರದೆ ಹೆಚ್ಚಾಗಿ ಒಂದೇ ಓರೆಯಲ್ಲಿ ಅದುರುತ್ತವೆ. ಪಾಠದ ಪುಸ್ತಕದಲ್ಲಿ ಇದಕ್ಕೆ ಧ್ರುವೀಕರಣ ಎನ್ನುತ್ತಾರೆ. ಆ ಓರೆ ಸಿಕ್ಕಿದರೆ ಕುಳಿಯ ಪಕ್ಕದಲ್ಲಿ ಏನು ನಡೆಯುತ್ತಿದೆ ಎಂದು ಊಹಿಸಬಹುದು. ಅವಳು ಬಳಸಿದಂಥ ಉದ್ದನೆಯ ಅಲೆಗಳಲ್ಲಿ ಅಂಥ ಓರೆಯನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ರತ್ನ ಕಂಡಿದ್ದಳು: ನಲವತ್ತೊಂದು ಡಿಗ್ರಿ.

ಇದನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ನಾನು ತಡಕಾಡುತ್ತಿದ್ದಾಗ ಸಹಾಯಕ್ಕೆ ಬಂದವನು ಪಕ್ಕದ ಮನೆಯ ಕೇಬಲ್ ಪುಟ್ಟಸ್ವಾಮಿ. ಅವನ ತಾರಸಿಯ ಮೇಲೆ ದೊಡ್ಡ ಜಾಲರಿಯ ಡಿಶ್ಶಿತ್ತು. ಒಂದು ಭಾನುವಾರ ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ನಡುವೆ ಸಿಕ್ಕಿಸಿದ್ದ ಪುಟ್ಟ ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಅಕ್ಕ ಕಿಟಕಿಯಿಂದಲೇ ಕೇಳಿದರು:

“ಅದನ್ನ ಯಾಕೋ ತಿರುಗಿಸ್ತೀಯ ಪುಟ್ಟಸ್ವಾಮಿ?”

“ಅಯ್ಯೋ, ಕೆಲವು ಚಾನೆಲ್ಲು ನಿಂತ್ಕಂಡ್ ಬತ್ತವೆ ಮೇಡಮ್ಮೋರೆ, ಕೆಲವು ಮನೀಕ್ಕಂಡ್ ಬತ್ತವೆ. ನಿಂತಿರೋದನ್ನ ಹಿಡೀಬೇಕಂದ್ರೆ ಇದ್ನೂ ನಿಂತ್ಕಳಂಗೆ ಮಾಡ್ಬೇಕು. ಇಲ್ದಿದ್ರೆ ಬರೀ ಸೊಳ್ಳೆ ಕಾಣ್ತದೆ ಟೀವೀಲಿ, ಬುಡಿ!”

ಅಕ್ಕ ನನ್ನತ್ತ ತಿರುಗಿದರು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ನಗೆಯಂಥದು ಕಂಡಿತು. “ಇಷ್ಟೇನಾ? ಅವಳು ಕಂಡಿದ್ದು ನಿಂತೂ ಇಲ್ಲ, ಮಲಗೂ ಇಲ್ಲ. ಓರೆಯಾಗಿ ಒರಗಿಕೊಂಡು ಬಂದಿದೆ. ಅಲ್ವಾ?”

“ಅಷ್ಟೇ ಅಕ್ಕ.”

“ಅಲ್ಲಿಂದ ಇಲ್ಲೀವರೆಗೂ ಒರಗಿಕೊಂಡೇ ಬಂದಿದೆ,” ಎಂದು ಮತ್ತೊಮ್ಮೆ ಹೇಳಿಕೊಂಡು ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಜುಲೈ ಮೊದಲ ಭಾನುವಾರ. ಅಕ್ಕ ಒಳಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಸುಮ್ಮನೆ ನೋಟ್‌ಬುಕ್ಕನ್ನು ಮುಂದಕ್ಕೆ ತಿರುವಿದೆ. ಬರೆದ ಕೊನೆಯ ಪುಟದಲ್ಲಿ ಅಂಕಿಗಳೇ ಇರಲಿಲ್ಲ. ಮಧ್ಯದಲ್ಲಿ ಕನ್ನಡದ ನಾಲ್ಕು ಸಾಲು.

‘ಆರು ಗಂಟೆ ಹೊತ್ತು ನೋಡಿದರೂ ಕೋನ ತಿರುಗಿಲ್ಲ. ತಿರುಗಬೇಕಿತ್ತಲ್ಲ? ಹಾಗಾದರೆ ಇದು ಆಕಾಶದ್ದಲ್ಲ, ನಮ್ಮ ಯಂತ್ರದ್ದೇ ಇರಬೇಕು. ಸರ್‌ಗೆ ಹೇಳಬೇಕು.’

ಕೆಳಗಿದ್ದ ತಾರೀಖು ಅವಳು ಊರಿಗೆ ಹೊರಟ ಹಿಂದಿನ ದಿನದ್ದು. ಸರ್‌ಗೆ ಹೇಳಲು ಅವಳಿಗೆ ಆಗಲೇ ಇಲ್ಲ.

ನಾನು ಅಂಕಿಗಳ ಕಡೆಗೆ ಹಿಂದಿರುಗಿದೆ. ಮಧ್ಯಾಹ್ನ ಹನ್ನೆರಡಕ್ಕೆ ನಲವತ್ತೊಂದು. ಎರಡು ಗಂಟೆಗೆ ನಲವತ್ತೆರಡು. ನಾಲ್ಕಕ್ಕೆ ನಲವತ್ತೊಂದು. ಸಂಜೆ ಆರಕ್ಕೂ ನಲವತ್ತೊಂದೇ. ನನ್ನ ಕೈಯಾರೆ ಬರೆದುಕೊಂಡ ಅಂಕಿಗಳು, ಮೂರು ವಾರದಿಂದ ನನಗೆ ಕಂಡಿರಲಿಲ್ಲ. ಮೂಡಿ ಮುಳುಗುವ ವಸ್ತು ದಾರಿಯುದ್ದಕ್ಕೂ ನಮ್ಮ ದೃಷ್ಟಿಗೆ ಓರೆ ಬದಲಿಸುತ್ತಾ ಹೋಗಬೇಕು. ಬದಲಾಗದಿದ್ದರೆ ಅದು ಡಿಶ್ಶಿನಲ್ಲೇ ಅಂಟಿಕೊಂಡಿರುವ ದೋಷ. ರತ್ನ ಕಂಡದ್ದು ಕಪ್ಪುಕುಳಿಯ ಸುತ್ತಲಿನ ಯಾವುದನ್ನೂ ಅಲ್ಲ.

ಒಳಗಿಂದ ಅಕ್ಕ ಕೂಗಿದರು, “ಗಂಗಾಧರ, ಇವತ್ತು ಊಟ ಮಾಡ್ಕೊಂಡೇ ಹೋಗು ಕಣಪ್ಪ. ಅವಳಿಗಿಷ್ಟ ಅಂತ ಸೊಪ್ಪಿನ ಸಾರು ಮಾಡಿದೀನಿ.”

ಪೆನ್ಸಿಲ್ ಚೂಪು ಮಾಡುವ ಬ್ಲೇಡು ಮೇಜಿನ ಮೇಲಿತ್ತು. ನಾನು ಆ ಹಾಳೆಯನ್ನು ಹೊಲಿಗೆಯ ಬುಡಕ್ಕೆ ಕತ್ತರಿಸಿ, ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡೆ.

ಅಕ್ಕನ ಮನಸ್ಸು ಒಡೆಯುತ್ತದೆಂದು ಹಾಗೆ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಎಂ.ಎಸ್ಸಿ.ಯ ಎರಡು ವರ್ಷ ನಾನು ರತ್ನಳಿಗೆ ಹೇಳಬೇಕೆಂದುಕೊಂಡು ಹೇಳದೇ ಉಳಿಸಿಕೊಂಡ ಮಾತೊಂದಿತ್ತು. ಅವಳು ಹೋದ ಮೇಲೆ, ಅವಳ ಹೆಸರು ಎಲ್ಲಾದರೂ ಅಚ್ಚಾಗಿ ಉಳಿದರೆ ಅದು ನನಗೂ ಸ್ವಲ್ಪ ಸಿಕ್ಕ ಹಾಗೆ ಎಂಬ ಆಸೆ ಬೆಳೆದುಬಿಟ್ಟಿತ್ತು. ಆ ಹಾಳೆಯನ್ನು ಕದ್ದದ್ದು ಆ ಆಸೆ.

ತುಮಕೂರಿನಲ್ಲಿ ಬಸ್ಸು ಬದಲಿಸುವಾಗ ಶುದ್ಧಪ್ರತಿಯನ್ನು ಜೆರಾಕ್ಸ್ ಮಾಡಿಸಿದೆ. ಜೋರು ಮಳೆ. ಬೆಚ್ಚನೆಯ ಹಾಳೆಗಳನ್ನು ಎದೆಗೊತ್ತಿಕೊಂಡು ನಿಂತಿದ್ದಾಗ ಹಿಂದೆ ಯಾರೋ ಬಂದು ನಿಂತ ಹಾಗಾದದ್ದು ಅದೇ ಮೊದಲು. ಅವಳು ಸಿಟ್ಟಾದರೆ ಕೂಗಾಡುತ್ತಿರಲಿಲ್ಲ. ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಿದ್ದಳು.

ಪ್ರತಿ ಕಳಿಸಿದ್ದಾಯಿತು. ಹಾಳೆ ನನ್ನ ರೂಮಿನಲ್ಲಿ ಪುಸ್ತಕವೊಂದರ ನಡುವೆ ಕೂತಿತು. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಕೋನ ಬರೆಯುವಾಗೆಲ್ಲ ಕೈ ಹಿಂಜರಿಯುತ್ತಿತ್ತು. ಗುಬ್ಬಿಯಲ್ಲಿ ಆ ತಿಂಗಳು ಬಿಡದೆ ಜಡಿ ಹಿಡಿಯಿತು. ರೂಮಿನ ಗೋಡೆಯೆಲ್ಲ ತಣ್ಣಗಾಗಿ, ಪುಸ್ತಕಗಳು ಬೂಷ್ಟು ಹಿಡಿದವು. ಆ ಒಂದು ಪುಸ್ತಕವನ್ನು ಮಾತ್ರ ನಾನು ಒರೆಸಲು ಮುಟ್ಟಲಿಲ್ಲ. ಭಾನುವಾರಗಳಂದು ಕುಣಿಗಲ್ಲಿಗೆ ಹೋಗುವುದನ್ನೂ ಬಿಡಲಾಗಲಿಲ್ಲ. ಅಕ್ಕ ಈಗ ಹಳೆಯ ಪುಟಗಳನ್ನು ಮತ್ತೆ ಮತ್ತೆ ಓದುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ನಾನು ಉತ್ತರಿಸುತ್ತಿದ್ದೆ, ಒಂದನ್ನು ಬಿಟ್ಟು.

ಆಗಸ್ಟ್ ಮೂರನೆಯ ವಾರ ಪ್ರೊಫೆಸರರಿಂದ ಲೇಖನದ ಕರಡು ಬಂತು. ಟೈಪಾದ ಮೊದಲ ಸಾಲಿನಲ್ಲೇ ಅವಳ ಹೆಸರು. ಒಪ್ಪಿಗೆ ತಿಳಿಸಿದರೆ ಮುಂದಿನ ವಾರ ಪತ್ರಿಕೆಗೆ ಕಳಿಸುತ್ತೇನೆ ಎಂದಿದ್ದರು. ನಾನು ಸಂಭ್ರಮ ನಟಿಸುತ್ತಾ ಓದಿ ಹೇಳಿದೆ. ಅಕ್ಕ ಆ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. ಆಮೇಲೆ ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟರು.

“ಗಂಗಾಧರ, ಚಂದ್ರನಲ್ಲಿ ಮೊಲ ನೋಡಿದೀಯ?”

“ನೋಡಿದೀನಿ ಅಕ್ಕ.”

“ಮೂಡುವಾಗ ಹೇಗಿರುತ್ತೆ, ಮುಳುಗುವಾಗ ಹೇಗಿರುತ್ತೆ?”

ನಾನು ಕರಡನ್ನು ಮಡಿಸಿ ಲಕೋಟೆಗೆ ಹಾಕತೊಡಗಿದೆ.

“ಒಂದೇ ಥರ ಇರಲ್ಲ. ಮೂಡುವಾಗ ಒಂದು ಕಡೆ ವಾಲಿದ್ದರೆ ಮುಳುಗುವಾಗ ಇನ್ನೊಂದು ಕಡೆ ವಾಲಿರುತ್ತೆ. ಎಂಟನೇ ಕ್ಲಾಸಿನವರಿಗೆ ಪ್ರತಿ ವರ್ಷ ಬರೆಸ್ತೀನಿ ನಾನು. ಇವಳ ಕೋನ ಮಧ್ಯಾಹ್ನದಿಂದ ಸಂಜೆವರೆಗೂ ನಲವತ್ತೊಂದೇ. ಅಂಕಿ ಓದಿದವಳು ನಾನೇ ಅಲ್ವೇನಪ್ಪ.” ಅವರ ದನಿ ಏರಲಿಲ್ಲ. “ನಂಗೆ ಇದು ಹೊಳೆದು ಮೂರು ವಾರ ಆಯ್ತು. ನೀನಾಗೇ ಹೇಳ್ತೀಯ ಅಂತ ಕಾದೆ.”

“ಅಕ್ಕ, ಅದು…”

“ಇನ್ನೊಂದು ಕೇಳ್ತೀನಿ. ಹೊಸಾ ನೋಟ್‌ಬುಕ್ಕಿಗೆ ಒಂದಕ್ಷರ ಬರೆಯೋಕೆ ಮುಂಚೆ ಎಲ್ಲಾ ಪುಟಕ್ಕೂ ನಂಬರ್ ಹಾಕಬೇಕು ಅಂತ ಅವಳಿಗೆ ಕಲಿಸಿದ್ದು ನಾನು.” ನೋಟ್‌ಬುಕ್ಕನ್ನು ಬಿಡಿಸಿ ನನ್ನ ಕಡೆ ತಿರುಗಿಸಿದರು. “ನೂರ ನಲವತ್ತೆರಡು ಆದ ಮೇಲೆ ನೂರ ನಲವತ್ತೈದು ಇದೆ. ಮಧ್ಯದ ಹಾಳೆ ಎಲ್ಲೋ?”

ಅವರು ನನ್ನನ್ನು ‘ಎಲ್ಲೋ’ ಎಂದು ಗದರಿದ್ದು ಅದೊಂದೇ ಸಲ. ನಾನು ತಲೆ ತಗ್ಗಿಸಿದೆ. “ಗುಬ್ಬೀಲಿದೆ ಅಕ್ಕ. ನಾನೇ ತೆಗೆದದ್ದು.”

“ಹೋಗಿ ತಗೊಂಬಾ.”

“ಇವತ್ತೇನಾ?”

“ಇವತ್ತೇ.”

ಹೋದೆ. ನಾಲ್ಕು ಗಂಟೆಗಳ ಮೇಲೆ ಹಿಡಿಯಿತು, ಹೋಗಿ ಬರಲು. ನಾನು ಮರಳಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಅದೇ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದರು. ಮಡಿಕೆ ಬಿಡಿಸಿ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಬೈಯುತ್ತಾರೆ, ಅಳುತ್ತಾರೆ ಎಂದು ನಿಂತೇ ಇದ್ದೆ.

ಅವರು ಓದಿದರು. ಎರಡನೆಯ ಸಲ ಗಟ್ಟಿಯಾಗಿ ಓದಿದರು, ಕ್ಲಾಸಿನಲ್ಲಿ ಓದುವ ಹಾಗೆ. ಆಮೇಲೆ ಹಾಳೆಯನ್ನು ಮಡಿಲ ಮೇಲೆ ಅಂಗೈಯಿಂದ ಸವರಿ ಸವರಿ ನೆಟ್ಟಗೆ ಮಾಡತೊಡಗಿದರು.

“ಅವಳಿಗೆ ಗೊತ್ತಿತ್ತು,” ಎಂದರು. “ಗೊತ್ತಾಗಿತ್ತು ಕಣೋ ನನ್ನ ಮಗೂಗೆ. ಮೂರು ವಾರದಿಂದ ನಾನು ಏನು ಅಂದ್ಕೊಂಡಿದ್ದೆ ಗೊತ್ತಾ? ಇಷ್ಟು ಸಣ್ಣ ವಿಷಯ ಅವಳಿಗೆ ಹೊಳೀಲಿಲ್ವಲ್ಲ, ಅವಸರ ಮಾಡಿಬಿಟ್ಟಳಲ್ಲ, ನಾನು ಸರಿಯಾಗಿ ಕಲಿಸಲಿಲ್ವಲ್ಲ ಅಂತ. ತಪ್ಪು ಮಾಡಿಕೊಂಡೇ ಹೋದಳು ಅಂತ.” ಈಗ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. “ನೀನು ಈ ಹಾಳೆಯನ್ನ ಇಟ್ಕೊಂಡು, ನನ್ನ ಹತ್ರ ಅವಳನ್ನ ದಡ್ಡಿ ಮಾಡಿದ್ದೆ.”

ಅದಕ್ಕಿಂತ ದೊಡ್ಡ ಏಟನ್ನು ನಾನು ತಿಂದಿಲ್ಲ.

ಮರುದಿನ ರಜೆ ಹಾಕಿ ಅಲ್ಲೇ ಉಳಿದೆ. ಬೆಳಿಗ್ಗೆ ಇಬ್ಬರೂ ಎಸ್‌ಟಿಡಿ ಬೂತಿಗೆ ಹೋದೆವು. ಗಾಜಿನ ಗೂಡಿನೊಳಗೆ ಇಬ್ಬರಿಗೆ ಜಾಗವಿರಲಿಲ್ಲ. ಅಕ್ಕ ಬಾಗಿಲು ತೆರೆದು ಹಿಡಿದುಕೊಂಡು ಪಕ್ಕದಲ್ಲೇ ನಿಂತರು. ಪ್ರೊಫೆಸರರಿಗೆ ಹಾಳೆಯ ಸಾಲುಗಳನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಬಳಿಕ ಅವರು ಕೇಳಿದ್ದು ಒಂದೇ ಪ್ರಶ್ನೆ: “ಈ ಹಾಳೆ ನಿಮ್ಮ ಹತ್ತಿರ ಎಷ್ಟು ದಿನದಿಂದ ಇದೆ?”

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

“ಏಳು ವಾರದಿಂದ ಸರ್,” ಎಂದೆ.

“ಲೇಖನ ನಿಲ್ಲಿಸುತ್ತೇನೆ. ಅವಳು ನನ್ನ ಮರ್ಯಾದೆಯನ್ನೂ ಉಳಿಸಿದಳು,” ಎಂದು ಅವರು ಫೋನಿಟ್ಟರು.

ಸೆಪ್ಟೆಂಬರಿನಲ್ಲಿ ಅವರ ಪತ್ರ ಬಂತು. ಯಾವ ಓರೆಯೂ ಇಲ್ಲವೆಂದು ಚೆನ್ನಾಗಿ ಗೊತ್ತಿರುವ ಬೇರೊಂದು ಮೂಲದ ಕಡೆಗೆ ಅದೇ ಡಿಶ್ಶುಗಳನ್ನು ತಿರುಗಿಸಿ ನೋಡಿದರಂತೆ. ಅಲ್ಲೂ ಅದೇ ನಲವತ್ತೊಂದು. ದೋಷ ಯಂತ್ರದ್ದೆಂದು ಖಾತ್ರಿಯಾಗಿತ್ತು. ಅದನ್ನು ಸರಿಪಡಿಸಿದ ಮೇಲೆ ಕಪ್ಪುಕುಳಿಯ ಕಡೆಯಿಂದ ಉಳಿದದ್ದು ಸೊನ್ನೆ. ಆ ಉದ್ದನೆಯ ಅಲೆಗಳಲ್ಲಿ ಸೊನ್ನೆಯೇ ಬರಬೇಕೇನೋ, ನಡುವಿನ ಕಾಂತಗುಣದ ಅನಿಲ ದಿಕ್ಕುಗಳನ್ನೆಲ್ಲ ತಿರುಚಿ ಕಲಸಿಬಿಡುತ್ತಿರಬಹುದು ಎಂದು ಬರೆದಿದ್ದರು.

“ಹಾಗಾದ್ರೆ ಎಲ್ಲೂ ಅವಳ ಹೆಸರು ಬರಲ್ಲ,” ಎಂದರು ಅಕ್ಕ.

“ಇಲ್ಲ ಅಕ್ಕ.”

“ಬರದಿದ್ರೆ ಬೇಡ.” ಪತ್ರವನ್ನು ಮಡಿಸಿ ನೋಟ್‌ಬುಕ್ಕಿನೊಳಗಿಟ್ಟರು.

ನಾನು ಭಾನುವಾರಗಳನ್ನು ಬಿಡಲಿಲ್ಲ. ಮಾಡಲು ಕೆಲಸವೇನೂ ಉಳಿದಿರಲಿಲ್ಲ. ಆದರೂ ಆ ಕೋಣೆಯಲ್ಲಿ ಕೂರುತ್ತಿದ್ದೆವು. ಅಕ್ಕ ಪೇಪರು ತಿದ್ದುತ್ತಿದ್ದರು, ನಾನು ಏನಾದರೂ ಓದುತ್ತಿದ್ದೆ. ಹಾಳೆ ಕೊಟ್ಟ ಮೇಲೆ ಅವಳು ಬೆನ್ನ ಹಿಂದೆ ಬಂದು ನಿಲ್ಲುವುದು ತಪ್ಪಬಹುದೆಂದುಕೊಂಡಿದ್ದೆ. ತಪ್ಪಲಿಲ್ಲ. ಆ ಕೋಣೆಯಲ್ಲಂತೂ ಎಷ್ಟು ಹತ್ತಿರವಾಗಿ ಅನ್ನಿಸುತ್ತಿತ್ತೆಂದರೆ, ಕುರ್ಚಿ ಸರಿಸುವಾಗ ಯಾರಿಗಾದರೂ ತಗುಲೀತೆಂದು ಹುಷಾರಾಗಿ ಸರಿಸುತ್ತಿದ್ದೆ. ಅಕ್ಕನೂ ಹಾಗೆಯೇ ಸರಿಸುವುದನ್ನು ಒಮ್ಮೆ ನೋಡಿದೆ.

ಮಳೆ ಹಿಂದಾಯಿತು. ರಾಗಿ ಕೊಯ್ಲು ಶುರುವಾಗಿ, ಕುಣಿಗಲ್ಲಿನ ದಾರಿಯ ಹೊಲಗಳೆಲ್ಲ ಬರಿದಾಗುತ್ತ ಬಂದವು. ಅವರೆಕಾಯಿ ಕಾಲದಲ್ಲಿ ಪ್ರೊಫೆಸರರಿಂದ ಇನ್ನೊಂದು ಲಕೋಟೆ ಬಂತು. ಬೇರೆ ದೇಶದ ವಿಜ್ಞಾನಿಗಳು ಬಹಳ ಕಿರಿದಾದ ಅಲೆಗಳಲ್ಲಿ ಅದೇ ಕುಳಿಯ ಸುತ್ತಲಿಂದ ನಿಜವಾದ ಓರೆಯನ್ನು ಕಂಡಿದ್ದರು. ಆ ಲೇಖನದ ಪ್ರತಿಯನ್ನು ಪ್ರೊಫೆಸರ್ ಅಕ್ಕನಿಗೆಂದೇ ಕಳಿಸಿದ್ದರು. ನಾನು ಬಿಡಿಸಿ ಹೇಳಿದೆ. ಅಕ್ಕ ಅವರೆಕಾಯಿ ಸುಲಿಯುತ್ತಲೇ ಕೇಳಿದರು.

“ಅಂದ್ರೆ, ಇದೆ.”

“ಇದೆ ಅಕ್ಕ. ಅವಳ ಹತ್ರ ಇದ್ದ ಯಂತ್ರಕ್ಕೆ ಕಾಣುವಂಥದ್ದಲ್ಲ, ಅಷ್ಟೇ.”

ಅವರು ಮೊರವನ್ನು ಪಕ್ಕಕ್ಕಿಟ್ಟು ಎದ್ದರು. ಆ ದಿನ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದರು. ಹಿಂದೆಂದೂ ಬಂದಿರಲಿಲ್ಲ. ತುಮಕೂರಿನ ಬಸ್ಸು ನಿಂತಿತ್ತು. ಹತ್ತಲು ಹೋದವನ ತೋಳು ಹಿಡಿದರು.

“ಗಂಗಾಧರ, ತಪ್ಪು ತಿಳ್ಕೋಬೇಡ. ಇನ್ಮೇಲೆ ಭಾನುವಾರ ಬರಬೇಡ ಕಣಪ್ಪ.”

“ಹಾಳೆ ವಿಷಯಕ್ಕಾ ಅಕ್ಕ?”

“ಛೆ, ಅದಲ್ಲ. ಅದನ್ನ ಆವತ್ತೇ ಬಿಟ್ಟೆ.” ಅವರು ಬಸ್ಸಿನ ಕಡೆ ನೋಡಿದರು, ನನ್ನ ಕಡೆ ಅಲ್ಲ. “ನೀನು ಬಂದಾಗೆಲ್ಲ ಅವಳೂ ಜೊತೇಲಿ ಬರ್ತಾಳೆ. ದಿನವೆಲ್ಲ ಮನೇಲಿರ್ತಾಳೆ. ಸಂಜೆ ನೀನು ಹೊರಟ ಕೂಡ್ಲೇ ಹೊರಟುಬಿಡ್ತಾಳೆ. ಪ್ರತಿ ವಾರ ಅವಳನ್ನ ಕಳಿಸಿಕೊಡೋಕೆ ನನ್ನ ಕೈಲಿ ಆಗಲ್ಲ.”

ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅಕ್ಕ ಕೆಳಗೆ ನಿಂತು ಕೈಯೆತ್ತಿದರು. ಅವರ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಪಕ್ಕದ ಖಾಲಿ ಸೀಟಿನ ಮೇಲಿತ್ತು. ಬಸ್ಸು ತಿರುಗುವವರೆಗೂ ಅಲ್ಲೇ ಇತ್ತು.